ನಾಟಕದಿಂದ ಕಲ್ಯಾಣ ಕೆಟ್ಟಿಲ್ಲ

ಕಲ್ಯಾಣದ ಶರಣರನ್ನು ರಂಗಕ್ಕೆ ತಂದು ನಾಟಕಕಾರರು ವಚನಧರ್ಮಕ್ಕೆ ಅಪಚಾರ ಮಾಡಿದರು ಎಂಬ ದೂರು ಹಳೆಯದು. ಎಚ್.ಎಸ್. ಶಿವಪ್ರಕಾಶರ ‘ಮಹಾಚೈತ್ರ’ (1986) ಪಠ್ಯವಾದಾಗ, 1990ರ ದಶಕದಲ್ಲಿ, ಆ ದೂರು ಬೀದಿಗಿಳಿದು ನಿಷೇಧದ ಕೂಗಾಯಿತು. ಅಂದಿನ ಆಕ್ಷೇಪಗಳನ್ನೇ ಇಂದಿಗೂ ಹೊಸದೆಂಬಂತೆ ಹೇಳುವವರಿದ್ದಾರೆ. ಆ ಕಲ್ಯಾಣ, ಅಂದರೆ ಇಂದಿನ ಬಸವಕಲ್ಯಾಣ, ಇರುವ ಬೀದರ ಜಿಲ್ಲೆಯವನಾಗಿ, ನೌಬಾದದಲ್ಲಿ ಕುಳಿತು, ಅವುಗಳಿಗೆ ಒಂದೊಂದಾಗಿ ಉತ್ತರಿಸುತ್ತಿದ್ದೇನೆ.

ಮೊದಲ ಆಕ್ಷೇಪ: ಬಣ್ಣ ಹಚ್ಚಿ ಹೊಟ್ಟೆ ಹೊರೆಯುವ ನಟ ಶರಣರ ಪಾತ್ರ ಮಾಡಬಾರದು. ಹೀಗೆನ್ನುವವರು ಬಹುರೂಪಿ ಚೌಡಯ್ಯನನ್ನು ಮರೆತಿದ್ದಾರೆ. ವೇಷ ಹಾಕಿ ಆಡುವುದೇ ಅವನ ಕಾಯಕ. ಕಲಕೇತ ಬೊಮ್ಮಯ್ಯನೂ ಜನರೆದುರು ಆಡಿ ತೋರಿಸುತ್ತಿದ್ದವನೇ. ಇಬ್ಬರೂ ವಚನಕಾರರು, ಇಬ್ಬರೂ ಶರಣರ ಸಾಲಿನವರು. ಅನುಭವ ಮಂಟಪ ಒಳಗೆ ಕರೆದ ನಟನನ್ನು ನಾವು ಬಾಗಿಲಲ್ಲಿ ತಡೆಯುವುದೇ? ಏಣಗಿ ಬಾಳಪ್ಪನವರು ತಮ್ಮ ಕಲಾವೈಭವ ನಾಟ್ಯ ಸಂಘದ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾಗಿ ಉತ್ತರ ಕರ್ನಾಟಕದ ಮನೆಮಾತಾದರು. 1959ರಲ್ಲಿ ಅದೇ ಹೆಸರಿನ ಚಿತ್ರದಲ್ಲಿ ಹೊನ್ನಪ್ಪ ಭಾಗವತರು ಬಸವಣ್ಣನಾದರೆ, ರಾಜಕುಮಾರ್ ಬಿಜ್ಜಳನಾದರು. ಆಗ ಯಾರ ಭಕ್ತಿಗೂ ಕುಂದು ಬರಲಿಲ್ಲ. ಅಂದರೆ ತಕರಾರು ನಟನ ಮೇಲಿನದಲ್ಲ, ಪ್ರಶ್ನೆ ಕೇಳುವ ನಾಟಕದ ಮೇಲಿನದು. ಅದನ್ನು ನೇರವಾಗಿಯೇ ಹೇಳಲಿ.

ಎರಡನೆಯದು: ಗ್ರಂಥದಲ್ಲಿ ಇಲ್ಲದ್ದನ್ನು ನಾಟಕಕಾರರು ಸೇರಿಸಿದರು. ಹೌದು, ಸೇರಿಸಿದ್ದಾರೆ. ಪಿ. ಲಂಕೇಶರ ‘ಸಂಕ್ರಾಂತಿ’ಯ (1971) ರುದ್ರ, ಉಷಾ ಯಾವ ಪುರಾಣದಲ್ಲೂ ಸಿಗುವುದಿಲ್ಲ. ಆದರೆ ಯಾವ ಗ್ರಂಥದ ಅಳತೆಗೋಲು ಹಿಡಿಯೋಣ? ಬಿಡಿ ಬಿಡಿಯಾಗಿದ್ದ ವಚನಗಳನ್ನು ಆಯ್ದು, ಅಲ್ಲಮ ಕೇಳಿದಂತೆ, ಅಕ್ಕ ಉತ್ತರಿಸಿದಂತೆ ಸಂವಾದವಾಗಿ ಜೋಡಿಸಿದ್ದು ಶೂನ್ಯಸಂಪಾದನೆ. ಅದು ಹುಟ್ಟಿದ್ದು ಶರಣರ ಕಾಲದಲ್ಲಲ್ಲ, ಸುಮಾರು 15ನೇ ಶತಮಾನದಲ್ಲಿ. ಶಿವಗಣಪ್ರಸಾದಿ ಮಹಾದೇವಯ್ಯ, ಹಲಗೆಯಾರ್ಯ, ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣ ಎಂದು ನಾಲ್ವರ ನಾಲ್ಕು ಪರಿಷ್ಕರಣಗಳಿವೆ. ಸಿದ್ಧರಾಮನಿಗೆ ಇಷ್ಟಲಿಂಗ ದೀಕ್ಷೆ ಆಯಿತೇ ಎಂಬ ಒಂದೇ ಪ್ರಶ್ನೆಗೆ ನಾಲ್ಕೂ ಒಂದೇ ಉತ್ತರ ಕೊಡುವುದಿಲ್ಲ. ಸನ್ನಿವೇಶ ಕಟ್ಟಿ, ಮಾತಿಗೆ ಮಾತು ಹೊಂದಿಸಿ, ಹಿಂದಿನವರ ಪಾಠವನ್ನು ತಿದ್ದಿದ ಆ ಸಂಪಾದಕರನ್ನು ನಾವು ಪೂಜಿಸುತ್ತೇವೆ. ಅದೇ ಕೆಲಸ ಮಾಡಿದ ನಾಟಕಕಾರನಿಗೆ ಮಾತ್ರ ಕಟಕಟೆ ಏಕೆ?

ಇನ್ನೂ ಒಂದು ಮಾತು. ಬಸವಣ್ಣನ ವಚನಗಳ ಅಂಕಿತವನ್ನೇ ‘ಲಿಂಗದೇವ’ ಎಂದು ಬದಲಿಸಿ ಅಚ್ಚು ಹಾಕಿದ್ದು ನಾಟಕದವರಲ್ಲ, ಮಾತೆ ಮಹಾದೇವಿಯವರು. ಆ ‘ಬಸವ ವಚನ ದೀಪ್ತಿ’ಯ ಮೇಲಿನ ನಿರ್ಬಂಧವನ್ನು 2017ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಪಾಠ ಬದಲಾದದ್ದು ಭಕ್ತರ ಕೈಯಲ್ಲಿ. ನಾಟಕ ತಾನು ನಾಟಕವೆಂದು ಹೇಳಿಕೊಂಡೇ ಬರುತ್ತದೆ, ವಚನದ ಪಾಠವನ್ನು ಮುಟ್ಟುವುದಿಲ್ಲ.

ಮೂರನೆಯದು: ಬಸವಣ್ಣನನ್ನು ಸಂಶಯಪಡುವ, ಸೋಲುವ ಮನುಷ್ಯನಾಗಿಸಿದರು. ಗಿರೀಶ ಕಾರ್ನಾಡರ ‘ತಲೆದಂಡ’ದ (1990) ಮೇಲಿನ ದೊಡ್ಡ ಆರೋಪ ಇದೇ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮಧುವರಸನ ಮಗಳಿಗೂ ಮದುವೆ ಎಂದಾಗ ಅಲ್ಲಿನ ಬಸವಣ್ಣ ಕ್ಷಣ ಹಿಂಜರಿಯುತ್ತಾನೆ. ಮುಂದೆ ಬರುವ ರಕ್ತಪಾತ ಅವನಿಗೆ ಕಾಣುತ್ತದೆ. ಇದು ಅವಮಾನವೇ? ತನ್ನನ್ನು ತಾನು ಇಷ್ಟು ನಿರ್ದಯವಾಗಿ ಒರೆಗೆ ಹಚ್ಚಿಕೊಂಡ ಕವಿ ಬಸವಣ್ಣನಂತೆ ಇನ್ನೊಬ್ಬನಿಲ್ಲ. ಭಕ್ತಿಯ ಸೋಗು, ಮನಸ್ಸಿನ ಚಂಚಲತೆ, ತನ್ನ ಕೀಳರಿಮೆ ಎಲ್ಲವನ್ನೂ ಅವನ ವಚನಗಳೇ ಬಯಲಿಗಿಡುತ್ತವೆ. ಕಾರ್ನಾಡರು ಆ ಬಸವಣ್ಣನನ್ನು ಕಂಡರು, ಕ್ಯಾಲೆಂಡರಿನವನನ್ನಲ್ಲ. ಮಂಡಲ ವರದಿ, ರಾಮಮಂದಿರಗಳ ಬೇಗುದಿಯ ದಿನಗಳಲ್ಲಿ ಬಂದ ಆ ನಾಟಕಕ್ಕೆ 1994ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ರಕ್ತ್ ಕಲ್ಯಾಣ್’ ಎಂಬ ಹೆಸರಿನಲ್ಲಿ ಇಬ್ರಾಹಿಂ ಅಲ್ಕಾಜಿ ಅದನ್ನು ಹಿಂದಿಯಲ್ಲಿ ಆಡಿಸಿದರು. ಕಲ್ಯಾಣ ಎಂಬ ಊರೊಂದಿದೆ ಎಂದೇ ಅರಿಯದ ದಿಲ್ಲಿಯ ಪ್ರೇಕ್ಷಕರಿಗೆ ಹರಳಯ್ಯನ ಹೆಸರು ಮುಟ್ಟಿದ್ದು ಹಾಗೆ.

ನಾಲ್ಕನೆಯದು: ಇವರೆಲ್ಲ ಹೊರಗಿನವರು, ನಮ್ಮ ಸಂಪ್ರದಾಯ ಅರಿಯದವರು. ಶಿವಪ್ರಕಾಶರ ತಂದೆ ಶಿವಮೂರ್ತಿ ಶಾಸ್ತ್ರಿಗಳು ಹೆಸರಾಂತ ವೀರಶೈವ ವಿದ್ವಾಂಸರು. ಇನ್ನು ಮಠವೇ ಬೇಕೆಂದರೆ ಸಾಣೇಹಳ್ಳಿಯನ್ನು ನೋಡಿ. ಪಂಡಿತಾರಾಧ್ಯ ಶಿವಾಚಾರ್ಯ ಸ್ವಾಮಿಗಳು ಅಲ್ಲಿ ಕಟ್ಟಿದ ಶಿವಸಂಚಾರ ನಾಟಕ ತಂಡ 1997ರಿಂದ ನಾಡು ಸುತ್ತುತ್ತಿದೆ. 2019ರ ಆಗಸ್ಟ್‌ನಲ್ಲಿ ಅವರ ‘ಮತ್ತೆ ಕಲ್ಯಾಣ’ ಅಭಿಯಾನ ಜಿಲ್ಲೆ ಜಿಲ್ಲೆಗೆ ಹೋದಾಗಲೂ ಭಾಷಣದ ಜೊತೆಗೆ ನಾಟಕವಿತ್ತು. ಒಬ್ಬ ಸ್ವಾಮಿಗಳಿಗೆ ರಂಗ ಧರ್ಮಪ್ರಸಾರದ ದಾರಿಯಾದರೆ, ಅದು ಉಳಿದವರಿಗೆ ಅಧರ್ಮ ಹೇಗಾದೀತು?

ಕೊನೆಯದು: ಜನರ ಭಾವನೆಗೆ ನೋವಾಗುತ್ತದೆ. ನೋವಾದವರಿಗೆ ಮಾತನಾಡುವ ಹಕ್ಕಿದೆ, ಒಪ್ಪುತ್ತೇನೆ. ತಡೆಯುವ ಹಕ್ಕಿಲ್ಲ. ಬೇರೆ ಬೇರೆ ನಂಬಿಕೆಯ, ಕಾಯಕದ, ಜಾತಿಯ ಹೆಣ್ಣು ಗಂಡುಗಳು ಎದುರುಬದುರು ಕುಳಿತು ವಾದಿಸಿದ ನೆಲ ಇದು. ಅಲ್ಲಿ ಅಲ್ಲಮ ಅಕ್ಕನನ್ನೂ ಕಟುವಾಗಿಯೇ ಪ್ರಶ್ನಿಸಿದ. ಅವಳು ಉತ್ತರ ಕೊಟ್ಟಳು, ಪ್ರಶ್ನೆಯನ್ನು ನಿಷೇಧಿಸಿ ಎನ್ನಲಿಲ್ಲ.

ಬೀದರಿನ ಜಿಲ್ಲಾ ರಂಗಮಂದಿರಕ್ಕೆ ಇಟ್ಟಿರುವುದು ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರ ಹೆಸರು. ನಿಜಾಮರ ಆಳ್ವಿಕೆಯಲ್ಲಿ, ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಕನ್ನಡ ಕಲಿಸಿದ ಮಠಾಧೀಶರು ಅವರು. ಅಂಥವರ ಹೆಸರಿನ ರಂಗದ ಮೇಲೆ ‘ಸಂಕ್ರಾಂತಿ’, ‘ಮಹಾಚೈತ್ರ’, ‘ತಲೆದಂಡ’ ಮೂರೂ ಆಡಲಿ. ಭಾಲ್ಕಿ, ಔರಾದಗಳಿಗೂ ಹೋಗಲಿ. ಒಪ್ಪದವರು ಮುಂದಿನ ಸಾಲಿನಲ್ಲಿ ಕುಳಿತು ಪೂರ್ತಿ ನೋಡಲಿ. ಆಮೇಲೂ ಒಪ್ಪದಿದ್ದರೆ ತಮ್ಮದೊಂದು ನಾಟಕ ಬರೆದು ಆಡಿಸಲಿ, ಟಿಕೆಟ್ ಕೊಂಡು ನೋಡಲು ನಾನು ಬರುತ್ತೇನೆ.