ಎಪ್ಪತ್ತು ರೂಪಾಯಿ ತೀರಿಕೊಂಡ ಕಥೆ

ಡೊಂಬಿವಲಿಗೆ ಬಂದ ಹೊಸತರಲ್ಲಿ ಬೆಳಗಿನ ಫಾಸ್ಟ್ ಲೋಕಲ್‌ನಲ್ಲಿ ನಮ್ಮದೊಂದು ಗುಂಪಿತ್ತು. ನಮ್ಮದು ಅನ್ನುವುದಕ್ಕಿಂತ ಅವರದು ಅನ್ನಬೇಕು. ನಾನು ಅದರಲ್ಲಿ ಫೋರ್ತ್ ಸೀಟಿನವನು. ಮೂವರ ಬೆಂಚಿನ ತುದಿಯಲ್ಲಿ ಅರ್ಧ ಕೂತು, ಉಳಿದರ್ಧವನ್ನು ಗಾಳಿಗೆ ಬಿಟ್ಟು ಠಾಣೆ ದಾಟುವವನು. ಒಂದು ದಿನ ಗುಂಪಿನವನೊಬ್ಬ ಹೋದ ತಿಂಗಳು ಕೊಟ್ಟಿದ್ದ ಕೈಸಾಲ ವಾಪಸು ಕೇಳಿದ. ಸಾಲ ತಗೊಂಡವನು ಮುಖ ಗಂಭೀರ ಮಾಡಿಕೊಂಡು ‘ವಾರ್ಲೆ’ ಅಂದ. ಡಬ್ಬಕ್ಕೆ ಡಬ್ಬವೇ ನಕ್ಕಿತು.

ಮರಾಠಿಯಲ್ಲಿ ‘ವಾರ್ಲೆ’ ಎಂದರೆ ತೀರಿಕೊಂಡರು. ಅದೂ ಹಿರಿಯರು ಹೋದಾಗ ಮರ್ಯಾದೆಯಿಂದ ಆಡುವ ಮಾತು. ಅಷ್ಟು ಮರಾಠಿ ನನಗೆ ಆಗಲೇ ಬರುತ್ತಿತ್ತು. ಹಣ ಹೇಗೆ ತೀರಿಕೊಳ್ಳುತ್ತದೆ, ತೀರಿಕೊಂಡರೆ ಇವರೇಕೆ ನಗಬೇಕು ಎನ್ನುವುದು ಮಾತ್ರ ತಿಳಿಯಲಿಲ್ಲ. ಆದರೂ ನಕ್ಕೆ, ಎಲ್ಲರಿಗಿಂತ ಒಂದು ಕ್ಷಣ ತಡವಾಗಿ.

ಮುಂಬಯಿ ಸುತ್ತಮುತ್ತ ಬದುಕಿದವರಿಗೆ ಇದರ ಮೂಲ ಹೇಳಬೇಕಾಗಿಲ್ಲ. ಸಚಿನ್ ಪಿಳಗಾಂವ್ಕರ್ ನಿರ್ದೇಶನದ, 1988ರ ‘ಅಶೀ ಹೀ ಬನವಾ ಬನವೀ’. ಔಷಧಿ ತರಿಸುತ್ತೇನೆಂದು ಮನೆಮಾಲೀಕನಿಂದ ಎಪ್ಪತ್ತು ರೂಪಾಯಿ ಪಡೆದಿರುವ ಧನಂಜಯ ಮಾನೆ, ಅಂದರೆ ಅಶೋಕ್ ಸರಾಫ್, ಔಷಧಿ ಎಲ್ಲಿ ಎಂದು ಕೇಳಿದಾಗ ಆ ಹಣವೂ ತೀರಿಕೊಂಡಿತೆಂದು ಹೇಳುತ್ತಾನೆ. ನಾನು ಆ ಚಿತ್ರವನ್ನು ಪೂರ್ತಿ ನೋಡಿದ್ದು ರೈಲಿನಲ್ಲಿ ನಕ್ಕು ಎಷ್ಟೋ ವರ್ಷಗಳಾದ ಮೇಲೆ, ಟೀವಿಯಲ್ಲಿ, ಮಳೆ ಬಂದು ಲೋಕಲ್ ನಿಂತುಹೋದ ಒಂದು ರಜೆಯ ದಿನ. ಅಷ್ಟರೊಳಗೆ ಆ ಮಾತನ್ನು ನಾನೇ ಹತ್ತಾರು ಕಡೆ ಚಲಾವಣೆ ಮಾಡಿ ಆಗಿತ್ತು. ಹೋಟೆಲಿನ ಗಲ್ಲಾದ ಹತ್ತಿರ, ಸೊಸೈಟಿಯ ಮೀಟಿಂಗಿನಲ್ಲಿ, ಒಮ್ಮೆ ಹೆಂಡತಿಯ ಹತ್ತಿರವೂ (ಅಲ್ಲಿ ಯಾರೂ ನಗಲಿಲ್ಲ). ನಿಜ ಹೇಳಬೇಕೆಂದರೆ, ಮೂಲ ದೃಶ್ಯ ನೋಡಿದಾಗ ರೈಲಿನಲ್ಲಿ ನಕ್ಕಷ್ಟು ನಗು ನನಗೆ ಬರಲಿಲ್ಲ.

ಇದೆಲ್ಲ ನೆನಪಾಗಲು ಕಾರಣ ನೆರೂಳಿನಲ್ಲಿರುವ ನನ್ನ ತಂಗಿಯ ಮಗ. ಇಂಜಿನಿಯರಿಂಗ್ ಓದುತ್ತಿದ್ದಾನೆ ಎಂದು ಮನೆಯವರ ನಂಬಿಕೆ. ಅವನು ಓದುತ್ತಿರುವುದು, ನೋಡುತ್ತಿರುವುದು ಎಲ್ಲ ಸತ್ತು ಎದ್ದು ಬರುವವರ ಸಿನಿಮಾ. ಡೊಂಬಿವಲಿಯಲ್ಲೇ ನಡೆಯುವ ‘ಝೋಂಬಿವಲಿ’ ನೋಡಿ ಖುಷಿಪಟ್ಟೆ ಎಂದು ನಾನು ಹೇಳಿದೆ. ಅವನು ನನ್ನನ್ನು ಒಂದು ಥರ ಕನಿಕರದಿಂದ ನೋಡಿ, “ಮಾವ, ನೀವು ರೊಮೆರೊ ನೋಡ್ಲಿಲ್ಲ ಅಲ್ವಾ? ಹಾಗಾದ್ರೆ ನಿಮಗೆ ಅದು ಅರ್ಥ ಆಗ್ಲಿಲ್ಲ” ಅಂದ.

ನಾನು ಡೊಂಬಿವಲಿಯಲ್ಲಿ ಇಷ್ಟು ವರ್ಷ ನೀರಿನ ಟ್ಯಾಂಕರಿಗೆ ಕಾದವನು. 2022ರ ಆ ಚಿತ್ರದಲ್ಲಿ ಒಂದು ಕಡೆ ಎತ್ತರದ ಟವರು, ಇನ್ನೊಂದು ಕಡೆ ನೀರಿಗೆ ಪರದಾಡುವ ಝೋಪಡಪಟ್ಟಿ. ಅದು ಅರ್ಥವಾಗಲು ನನಗೆ ಅಮೆರಿಕದ ಪಿಟ್ಸ್‌ಬರ್ಗಿನಲ್ಲಿ ಸಿನಿಮಾ ಮಾಡಿದ ರೊಮೆರೊನ ಅಪ್ಪಣೆಚೀಟಿ ಬೇಕೆ? ಅವನಿಗೆ ರೊಮೆರೊ ಗೊತ್ತು, ನನಗೆ ಟ್ಯಾಂಕರ್ ಗೊತ್ತು. ಚಿತ್ರದ ಅರ್ಧರ್ಧ ಇಬ್ಬರ ಪಾಲಿಗೂ ಬಂದಿದೆ.

ಹಟಕ್ಕೆ ಬಿದ್ದು ರೊಮೆರೊವನ್ನೂ ನೋಡಿದೆ. ‘ನೈಟ್ ಆಫ್ ದ ಲಿವಿಂಗ್ ಡೆಡ್’, 1968. ಚೆನ್ನಾಗಿದೆ, ಕಪ್ಪುಬಿಳುಪಿನಲ್ಲಿ ಈಗಲೂ ಹೆದರಿಸುತ್ತದೆ. ತಮಾಷೆ ಏನೆಂದರೆ ಈ ಪಂಥದ ಮೂಲಗ್ರಂಥವಾದ ಆ ಚಿತ್ರದಲ್ಲಿ ‘ಝೋಂಬಿ’ ಎಂಬ ಶಬ್ದವೇ ಬರುವುದಿಲ್ಲ. ಹೆಸರಿಟ್ಟವರು ಆಮೇಲಿನ ಅಭಿಮಾನಿಗಳು. ಇನ್ನೊಂದು ಸಂಗತಿ: ಬಿಡುಗಡೆಗೆ ಮುಂಚೆ ಚಿತ್ರದ ಹೆಸರು ಬದಲಾಯಿಸುವಾಗ ಹಕ್ಕುಸ್ವಾಮ್ಯದ ಸೂಚನೆ ಬಿಟ್ಟುಹೋಗಿ, ಅದು ಯಾರ ಸ್ವತ್ತೂ ಅಲ್ಲದ ಚಿತ್ರವಾಯಿತು. ಬೇಲಿಯೇ ಇಲ್ಲದ ಆ ತೋಟಕ್ಕೆ ನನ್ನ ಅಳಿಯ ಈಗ ಗೇಟು ಕಾಯುತ್ತಿದ್ದಾನೆ. ಪ್ರತಿಯಾಗಿ ನಾನೂ ಅವನಿಗೊಂದು ಬಾಣ ಬಿಟ್ಟೆ. ‘ಝೋಂಬಿವಲಿ’ ಮಾಡಿದವರು ಆದಿತ್ಯ ಸರ್ಪೋತದಾರ್; ‘ಬನವಾ ಬನವೀ’ಯಲ್ಲಿ ಎಪ್ಪತ್ತು ರೂಪಾಯಿ ಕಳಕೊಂಡ ಮನೆಮಾಲೀಕನ ಅಡ್ಡಹೆಸರೂ ಸರ್ಪೋತದಾರ್. ಇದು ಗೊತ್ತಿತ್ತಾ? ಗೊತ್ತಿರಲಿಲ್ಲ. ಗೊತ್ತಿದ್ದು ಆಗಬೇಕಾದ್ದೂ ಏನಿಲ್ಲ, ಬಿಡಿ. ಆದರೆ ಆ ಕ್ಷಣದ ಸುಖ ನನಗೂ ಚೆನ್ನಾಗಿ ಹತ್ತಿತು. ಗೊತ್ತಿಲ್ಲದವನ ಎದುರು ಗೊತ್ತಿರುವುದರ ಸುಖ.

ಆ ಸುಖದ ಬಗ್ಗೆಯೇ ನನಗೆ ಈಗ ಅನುಮಾನ.

ಮೂಲ, ಮೂಲ ಎನ್ನುತ್ತೇವಲ್ಲ, ಅದು ಎಲ್ಲಿದೆ ಎಂದು ಹುಡುಕುತ್ತ ಹೋದರೆ ನೆಲ ಸಿಗುವುದಿಲ್ಲ. ‘ಬನವಾ ಬನವೀ’ಯ ಕಥೆ 1966ರ ಹೃಷಿಕೇಶ್ ಮುಖರ್ಜಿಯವರ ‘ಬೀವಿ ಔರ್ ಮಕಾನ್’ನದು. ಅದಕ್ಕೂ ಹಿಂದೆ ಬಂಗಾಳಿಯ ಒಂದು ಚಿತ್ರವಿದೆ. ರೈಲಿನಲ್ಲಿ ಧನಂಜಯ ಮಾನೆಯ ಮಾತಾಡಿ ನಗುವವರಲ್ಲಿ ಇವೆರಡನ್ನೂ ನೋಡಿದ ಒಬ್ಬನೂ ನನಗೆ ಈವರೆಗೆ ಸಿಕ್ಕಿಲ್ಲ. ನಮ್ಮ ಊರಿನ ಹೆಸರನ್ನೇ ಹೊತ್ತ, ನಿಶಿಕಾಂತ್ ಕಾಮತ್ ಅವರ 2005ರ ‘ಡೊಂಬಿವಲಿ ಫಾಸ್ಟ್’ ಇದೆ. ಬ್ಯಾಂಕಿನ ಗುಮಾಸ್ತ ಮಾಧವ ಆಪ್ಟೆ ಒಂದು ದಿನ ತಾಳ್ಮೆ ಕಳಕೊಂಡು ಬ್ಯಾಟು ಹಿಡಿದು ಬೀದಿಗಿಳಿಯುತ್ತಾನೆ. ಇವತ್ತಿಗೂ ಯಾರಾದರೂ ಬುಕಿಂಗ್ ಕೌಂಟರಿನಲ್ಲಿ ರೇಗಾಡಿದರೆ ಪಕ್ಕದವನು ‘ಆಪ್ಟೆ ಆಗಬೇಡವೋ’ ಎನ್ನುತ್ತಾನೆ. ಹಾಗೆಂದವನು ಚಿತ್ರ ನೋಡಿರಲೇಬೇಕೆಂದಿಲ್ಲ. ನೋಡಿದವನಿಗೂ 1993ರ ಹಾಲಿವುಡ್ಡಿನ ‘ಫಾಲಿಂಗ್ ಡೌನ್’ ಜೊತೆ ಅದಕ್ಕಿರುವ ಹೋಲಿಕೆ ಗೊತ್ತಿರಬೇಕೆಂದಿಲ್ಲ. ಮಾತು ನಡೆಯುತ್ತದೆ. ಆಪ್ಟೆಯ ಸಿಟ್ಟು ಅರ್ಥವಾಗಲು ಬೇಕಾದ್ದು ದಿವಾ ಸ್ಟೇಷನ್ನಿನ ಹತ್ತಿರ ಬಾಗಿಲಿಗೆ ಜೋತುಬಿದ್ದ ಅನುಭವ. ಅದು ಇಲ್ಲಿ ಪುಕ್ಕಟೆ.

ನಾಟಕದ ಮೂಲ ಹುಡುಕಿದರೂ ಇದೇ ಕಥೆ. ಕಲ್ಯಾಣದ ಮುಖ್ಯ ನಾಟಕಮಂದಿರಕ್ಕೆ ಆಚಾರ್ಯ ಅತ್ರೆಯವರ ಹೆಸರು. ಗಂಡಸು ಹೆಂಗಸಿನ ವೇಷ ಹಾಕಿ ಎಡವಟ್ಟಾಗುವ ಅವರ ‘ಮೋರೂಚಿ ಮಾವಶಿ’ ಮರಾಠಿಯಲ್ಲಿ ಮನೆಮಾತು. ಅದರ ಬೇರು ಬ್ರಾಂಡನ್ ಥಾಮಸನ ‘ಚಾರ್ಲೀಸ್ ಆಂಟ್’ ಎಂಬ 1892ರ ಇಂಗ್ಲಿಷ್ ಪ್ರಹಸನದಲ್ಲಿದೆ. ವಾಶಿಯಲ್ಲಿರುವ ನಾಟ್ಯಗೃಹಕ್ಕೆ ವಿಷ್ಣುದಾಸ ಭಾವೆಯವರ ಹೆಸರು. 1843ರಲ್ಲಿ ಸಾಂಗ್ಲಿಯಲ್ಲಿ ‘ಸೀತಾ ಸ್ವಯಂವರ’ ಆಡಿಸಿ ಮರಾಠಿ ರಂಗಭೂಮಿಯನ್ನು ಶುರುಮಾಡಿದವರು ಅವರು. ಆಡಿಸಲು ಅರಸರಿಂದ ಅಪ್ಪಣೆಯಾದದ್ದು ಹೇಗೆ? ಕರ್ನಾಟಕದಿಂದ ಬಂದ ಭಾಗವತರಾಟದ ಮೇಳವೊಂದು ಸಾಂಗ್ಲಿಯಲ್ಲಿ ಆಟ ಆಡಿತ್ತು. ಅದನ್ನು ನೋಡಿದ ಅರಸ ಚಿಂತಾಮಣರಾವ್ ಪಟವರ್ಧನರು ನಮ್ಮಲ್ಲೂ ಇಂಥದ್ದು ಆಗಲಿ ಎಂದರು. ಅದು ಹೊನ್ನಾವರದ ಹತ್ತಿರದ ಕರ್ಕಿಯ ಮೇಳ ಎಂದು ನಮ್ಮ ಕಡೆಯ ವಿದ್ವಾಂಸರು ಹೇಳುತ್ತಾರೆ. ವಾಶಿಯಲ್ಲಿ ಟಿಕೆಟ್ ಹರಿಸಿಕೊಂಡು ಒಳಗೆ ಹೋಗುವ ಎಷ್ಟು ಜನರಿಗೆ ಇದು ಗೊತ್ತು? ಗೊತ್ತಿಲ್ಲದೆಯೂ ಅವರು ಸರಿಯಾದ ಜಾಗದಲ್ಲೇ ನಗುತ್ತಾರೆ, ಸರಿಯಾದ ಜಾಗದಲ್ಲೇ ಕಣ್ಣೊರೆಸುತ್ತಾರೆ.

ಅಳಿಯನಿಗೆ ಇಷ್ಟು ಹೇಳಿ ಗೆದ್ದೆ ಎಂದುಕೊಳ್ಳುವ ಹೊತ್ತಿಗೆ ನನ್ನ ಕಾಲ ಬುಡದಲ್ಲೇ ಒಂದು ಗೇಟು ಕಂಡಿತು. ಯಕ್ಷಗಾನ.

ಈ ಕಡೆಯ ಕರಾವಳಿ ಕನ್ನಡಿಗರ ಹುಚ್ಚು ಅದು. ಪತ್ತನಾಜೆ ಕಳೆದು ಊರಿನ ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ, ಅರ್ಥಧಾರಿಗಳು ಮುಂಬಯಿಗೆ ಬರುತ್ತಾರೆ. ಅಜೆಕಾರು ಕಲಾಭಿಮಾನಿ ಬಳಗದಂಥವರು ತಾಳಮದ್ದಳೆಯ ಸರಣಿಯನ್ನೇ ನಡೆಸುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಪಂಚೆ ಶಾಲಿನಲ್ಲಿ ಕೂತ ವಾಲಿ, ಎದುರಿಗೆ ಕೂತ ರಾಮ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯಲ್ಲ, ಇದು ಯಾವ ಧರ್ಮ ಎಂದು ವಾಲಿ ಕೇಳುತ್ತಾನೆ. ವಾಲಿ ಸಾಯುತ್ತಾನೆ ಎಂಬುದು ಕೂತವರಿಗೆಲ್ಲ ಗೊತ್ತು. ಇವತ್ತಿನ ವಾಲಿ ಏನು ಕೇಳುತ್ತಾನೆ, ಇವತ್ತಿನ ರಾಮ ಹೇಗೆ ಪಾರಾಗುತ್ತಾನೆ ಎಂಬುದು ಮಾತ್ರ ಗೊತ್ತಿಲ್ಲ. ಇಲ್ಲಿ ಹಿಂದಿನದು ಗೊತ್ತಿಲ್ಲದವನಿಗೆ ನಿಜವಾಗಿಯೂ ನಷ್ಟವಿದೆ, ಒಪ್ಪುತ್ತೇನೆ. ನಲವತ್ತು ವರ್ಷದ ಹಿಂದೆ ಶೇಣಿ ಗೋಪಾಲಕೃಷ್ಣ ಭಟ್ಟರು ಎತ್ತಿದ ಪ್ರಶ್ನೆಯನ್ನು ಇವತ್ತಿನವನು ಸ್ವಲ್ಪ ತಿರುಗಿಸಿ ಕೇಳಿದರೆ, ಹಳಬರು ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಹೊಸಬನಿಗೆ ಅದು ಬರೀ ಪ್ರಶ್ನೆ.

ಆದರೆ ಆ ಹಳಬರು ಏನು ಮಾಡುತ್ತಾರೆ? ‘ಶೇಣಿಯವರ ವಾಲಿ ಕೇಳದವ ತಾಳಮದ್ದಳೆ ಕೇಳಿದ ಹಾಗೇ ಅಲ್ಲ’ ಎನ್ನುತ್ತಾರೆ. ‘ಚಿಟ್ಟಾಣಿಯ ಭಸ್ಮಾಸುರ ನೋಡ್ಲಿಲ್ವಾ? ಬಿಡಿ ಹಾಗಾದ್ರೆ’. ‘ಕಾಳಿಂಗ ನಾವಡರ ಪದ್ಯಕ್ಕೆ ಎದುರು ಕೂತು ಕೇಳಿದ್ದೀರಾ?’ ಶೇಣಿಯವರು ಹೋದದ್ದು 2006ರಲ್ಲಿ. ಚಿಟ್ಟಾಣಿ ರಾಮಚಂದ್ರ ಹೆಗಡೆಯವರು 2017ರಲ್ಲಿ. ನಾವಡರಂತೂ 1990ರಲ್ಲಿ, ಇನ್ನೂ ಚಿಕ್ಕ ಪ್ರಾಯದಲ್ಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ವರ್ಷದ ನಂತರ ಹುಟ್ಟಿದ ಡೊಂಬಿವಲಿಯ ಹುಡುಗ ಅವರೆದುರು ಹೋಗಿ ಕೂರುವುದು ಎಲ್ಲಿ? ರೊಮೆರೊನಾದರೂ ಫೋನಿನಲ್ಲಿ ಸಿಗುತ್ತಾನೆ. ಬಯಲಿನಲ್ಲಿ ಒಂದು ರಾತ್ರಿ ಆಡಿ ಬೆಳಿಗ್ಗೆ ಮುಗಿದ ಆಟಕ್ಕೆ ಮರುಪ್ರಸಾರವಿಲ್ಲ. ಸಿಗುವುದು ಕ್ಯಾಸೆಟ್ಟು, ಅದರ ಗೊರಗೊರ, ಮತ್ತೆ ‘ಅದು ಎದುರು ಕೂತು ಕೇಳಿದ ಹಾಗೆ ಅಲ್ಲ’ ಎನ್ನುವ ಮಾತು. ತೆರೆಯಲಾಗದ ಬಾಗಿಲಿಗೆ ಬೀಗ ಹಾಕಿ ಕೀಲಿಕೈ ತೋರಿಸುವುದು ಎಂದರೆ ಇದು. ನಾನೂ ಇದನ್ನು ಮಾಡಿದ್ದೇನೆ, ನಾವಡರ ವಿಷಯದಲ್ಲೇ. ನಾನು ಅವರನ್ನು ಕೇಳಿದ್ದು ಒಂದೇ ಸಲ, ಅದರಲ್ಲೂ ಅರ್ಧ ರಾತ್ರಿ ಅಮ್ಮನ ಸೆರಗು ಹೊದ್ದು ನಿದ್ದೆ ಹೊಡೆದಿದ್ದೆ. ಈ ಎರಡನೆಯ ಭಾಗವನ್ನು ಯಾರ ಹತ್ತಿರವೂ ಹೇಳಿಲ್ಲ.

ಆದರೆ ನಮಗೆ ಪ್ರಸಂಗಗಳು ಗೊತ್ತಾದದ್ದೂ ಆ ನಿದ್ದೆಯಲ್ಲೇ ಅಲ್ಲವೆ? ಕುಮಾರವ್ಯಾಸನನ್ನು ಓದಿಕೊಂಡು ಆಟಕ್ಕೆ ಹೋದವರು ಊರಿಗೆ ಒಬ್ಬರೋ ಇಬ್ಬರೋ. ಉಳಿದವರು ಚಂಡೆಗೆ ಎಚ್ಚರಾಗಿ, ‘ಈಗ ಬಂದದ್ದು ಯಾರು?’ ಎಂದು ಪಕ್ಕದವರನ್ನು ಕೇಳಿ, ‘ಕೀಚಕ, ಸುಮ್ನಿರು’ ಎಂದು ಗದರಿಸಿಕೊಂಡು ಕಲಿತವರು. ಉಲ್ಲೇಖ ಮೊದಲು ಬಂತು, ಮೂಲ ಆಮೇಲೆ. ಕೆಲವರಿಗೆ ಅದು ಬರಲೇ ಇಲ್ಲ. ಪಕ್ಕದಲ್ಲಿ ಕೂತವರು ಹೇಳಿದರು, ಅಷ್ಟೆ. ಡೊಂಬಿವಲಿ, ಕಲ್ಯಾಣ, ನವಿಮುಂಬಯಿಯ ನಮ್ಮ ಸಂಘಗಳಲ್ಲಿ ‘ಮಕ್ಕಳಿಗೆ ಯಕ್ಷಗಾನ ಅರ್ಥ ಆಗುವುದಿಲ್ಲ’ ಎಂಬ ಗೋಳು ಪ್ರತಿ ಮೀಟಿಂಗಿನಲ್ಲಿ ಕೇಳುತ್ತೇನೆ. ಮಕ್ಕಳು ಕೇಳಿದಾಗ ಹೇಳುವವರು ಪಕ್ಕದಲ್ಲಿ ಕೂತಿರುವುದಿಲ್ಲ. ಮುಂದಿನ ಸಾಲಿನ ಸೋಫಾದಲ್ಲಿ ಶಾಲಿಗೆ ಕಾಯುತ್ತಿರುತ್ತಾರೆ.

ಬರೆಯುವವರ, ಸಿನಿಮಾ ಮಾಡುವವರ ಬಗ್ಗೆಯೂ ಒಂದು ಮಾತು. ಹಳೇ ಚಿತ್ರದ ಡೈಲಾಗು, ಹಳೇ ನಾಯಕನ ಪೋಸು ತುರುಕಿದರೆ ಶಿಳ್ಳೆ ಗ್ಯಾರಂಟಿ ಎಂದು ಈಗ ಕನ್ನಡದಲ್ಲೂ ಮರಾಠಿಯಲ್ಲೂ ಎಲ್ಲರೂ ಕಂಡುಕೊಂಡಿದ್ದಾರೆ. ಗೊತ್ತಿಲ್ಲದವನಿಗೂ ದೃಶ್ಯ ನಿಂತು, ಗೊತ್ತಿದ್ದವನಿಗೆ ಒಂದು ಹೋಳಿಗೆ ಹೆಚ್ಚು ಬಿದ್ದರೆ ಸಂತೋಷ. ಗೊತ್ತಿಲ್ಲದವನ ಎಲೆಗೆ ಅನ್ನವೇ ಬೀಳದಿದ್ದರೆ, ಅವನನ್ನು ಮದುವೆಗೆ ಕರೆದದ್ದೇಕೆ? ‘ವಾರ್ಲೆ’ ನನ್ನ ಬಾಯಿಗೆ ಹತ್ತಿದ್ದು ಸಿನಿಮಾದ ನೆನಪಿನಿಂದಲ್ಲ. ಕೈಸಾಲಕ್ಕೆ ಸೂತಕದ ಮರ್ಯಾದೆ ಕೊಟ್ಟ ಆ ಮಾತಿನ ಸ್ವಂತ ಬಲದಿಂದ. ಆ ಬಲ ಇದ್ದದ್ದರಿಂದಲೇ ಅದು ಮೂವತ್ತೈದು ವರ್ಷ ದಾಟಿ ಬಂದಿದೆ.

ಹೋದ ಆಷಾಢದಲ್ಲಿ ಅಳಿಯನನ್ನು ಒಂದು ತಾಳಮದ್ದಳೆಗೆ ಎಳಕೊಂಡು ಹೋದೆ. ಸಂಧಾನದ ಪ್ರಸಂಗ. ‘ಅರ್ಥ ಆಗದಿದ್ದರೆ ಕೇಳು’ ಎಂದು ಮೊದಲೇ ಹೇಳಿಟ್ಟಿದ್ದೆ. ಅರ್ಧ ತಾಸು ಫೋನು ನೋಡಿದ. ಆಮೇಲೆ ಯಾಕೋ ಫೋನು ಜೇಬಿಗೆ ಹೋಯಿತು. ಕೌರವ ಕೃಷ್ಣನಿಗೆ ಏನೋ ಒಂದು ಮಾತು ಎಸೆದ. ಸಭೆಗೆ ಸಭೆಯೇ ನಕ್ಕಿತು. ನಾನೂ ನಕ್ಕೆ. ಅಳಿಯ ಒಂದು ಕ್ಷಣ ತಡವಾಗಿ ನಕ್ಕು ನನ್ನ ಕಿವಿಗೆ ಬಾಗಿದ.

“ಮಾವ, ಯಾಕೆ ನಕ್ಕದ್ದು?”

ನಾನು ಇನ್ನೊಂದು ಪಕ್ಕದಲ್ಲಿದ್ದ ಹಿರಿಯರ ಕಡೆ ತಿರುಗಿ, “ಶೆಟ್ರೇ, ಆ ಮಾತು ಎಂಥದ್ದು?” ಎಂದೆ.

ಅವರು ಇನ್ನೂ ನಗುತ್ತಲೇ ಇದ್ದರು. “ಸರಿ ಕೇಳ್ಲಿಲ್ಲ ಮಾರಾಯ್ರೆ,” ಎಂದರು. “ಎದುರಿನವರು ನಕ್ಕರು.”