ಕಹಿಗೆಷ್ಟು ಅಂಕ?
ಪಿಲ್ಸ್ನರ್ ಬಿಯರಿಗೆ ಅಂಕ ಕೊಡುವಾಗ ನಾನು ಮೊದಲು ಹುಡುಕುವುದು ಕಹಿಯನ್ನು. ಹಿರೇಕೊಡಿಗೆ ಕಡೆ ಹಾಗಲಕಾಯಿ ಗೊಜ್ಜು ತಿಂದು ಬೆಳೆದ ನಾಲಿಗೆಗೆ ಸಪ್ಪೆ ಬಿಯರು ಹಿಡಿಸುವುದಿಲ್ಲ. 1842ರಲ್ಲಿ ಬೊಹೀಮಿಯದ ಪಿಲ್ಸೆನ್ ಊರಿನಲ್ಲಿ ಯೋಸೆಫ್ ಗ್ರೋಲ್ ಎಂಬ ಬವೇರಿಯದವ ಈ ಹೊಂಬಣ್ಣದ ಬಿಯರನ್ನು ಮೊದಲು ತಯಾರಿಸಿದ. ಹದವಾಗಿ ಒಣಗಿಸಿದ ಮೊಳಕೆ ಬಾರ್ಲಿ, ಕಹಿ ಕೊಡುವ ಸಾಜ್ ಹಾಪ್ಸ್ ಹೂ, ತಂಪಿನಲ್ಲಿ ಹುದುಗುವ ಯೀಸ್ಟ್ ಎಲ್ಲ ಇದ್ದವು, ಸರಿ. ಅಸಲು ಗುಟ್ಟು ಅಲ್ಲಿನ ಮೆದು ನೀರು. ಖನಿಜಾಂಶ ಕಡಿಮೆಯಿದ್ದರೆ ಹಾಪ್ಸಿನ ಕಹಿ ಗಂಟಲಿಗೆ ಒರಟಾಗುವುದಿಲ್ಲ. (ಬೆಂಗಳೂರಿನ ಬೋರ್‌ವೆಲ್ ನೀರಿನಲ್ಲಿ ಬೇಳೆ ಬೇಯಿಸಿದವರಿಗೆ ನೀರಿನ ಮಹಿಮೆ ಬಿಡಿಸಿ ಹೇಳಬೇಕಿಲ್ಲ.) ಬಾಟಲಿಯನ್ನು ಐಸಿನಲ್ಲಿ ಹೂತು, ನಾಲಿಗೆ ಮರಗಟ್ಟಿಸಿಕೊಂಡು ಕುಡಿಯುವವರು ಅಂಕ ಕೊಡುವ ಗೋಜಿಗೆ ಹೋಗದಿರುವುದು ಒಳ್ಳೆಯದು. ಏಳೆಂಟು ಡಿಗ್ರಿಗೆ ಬಂದಮೇಲೆ ಗ್ಲಾಸಿಗೆ ಬಗ್ಗಿಸಬೇಕು, ನೊರೆ ಎರಡು ಬೆರಳು ದಪ್ಪ ನಿಲ್ಲಬೇಕು. ಪಿಲ್ಸೆನ್ನಿನ ಪಿಲ್ಸ್ನರ್ ಉರ್ಕ್ವೆಲ್‌ನಲ್ಲಿ ಮದ್ಯಾಂಶ ಶೇ. 4.4 ಅಷ್ಟೇ, ಗುಟುಕಿನ ಮೊದಲಿಗೆ ಬ್ರೆಡ್ಡಿನ ಸಿಹಿ, ಕೊನೆಗೆ ನಿಧಾನಕ್ಕೆ ಏರುವ ಕಹಿ: ಹತ್ತಕ್ಕೆ ಒಂಬತ್ತು. ಜರ್ಮನಿಯ ಬಿಟ್‌ಬರ್ಗರ್ ತೆಳು, ಚುರುಕು, ಎಂಟು. ಹೈನೆಕೆನ್‌ಗೆ ಐದು, ಅದೂ ದಾಕ್ಷಿಣ್ಯಕ್ಕೆ. ನಮ್ಮ ಕಿಂಗ್‌ಫಿಷರ್? ಪಕ್ಕದಲ್ಲಿ ಬಂಗುಡೆ ಫ್ರೈ ಇದ್ದರೆ ಆರು, ಇಲ್ಲದಿದ್ದರೆ ನಾಲ್ಕು.