ಎರಡು ಪುಸ್ತಕ, ಒಂದು ಲೆಕ್ಕ

ಬೆಳಗಾಗುತ್ತಲೇ ಹಾಲಿನ ಸೊಸೈಟಿಗೆ ಹೋಗಿ, ಆ ಮೇಲೆ ಶಾಲೆಯ ಗಂಟೆಗೆ ಓಡಿ ಬರುವ ಮಕ್ಕಳನ್ನು ನಾವೆಲ್ಲರೂ ಬಲ್ಲೆವು. ಅಲ್ಲಿ ಅಳೆದ ಹಾಲಿನ ಲೆಕ್ಕ ಎರಡು ಕಡೆ ಇರಬೇಕು: ಸೊಸೈಟಿಯ ಪುಸ್ತಕದಲ್ಲೊಮ್ಮೆ, ಮನೆಯವರ ಪುಸ್ತಕದಲ್ಲೊಮ್ಮೆ. ಎರಡರಲ್ಲಿಯೂ ಒಂದೇ ಅಂಕಿ ಇದ್ದರೆ ತಿಂಗಳ ಕೊನೆಗೆ ಮಾತಿಲ್ಲ. ಒಂದು ದಿನ ಒಂದು ಕಡೆ ಬರೆಯಲು ಮರೆತರೆ ಸಾಕು, ಮನಸ್ತಾಪಕ್ಕೆ ಅದೇ ಮೂಲ. ಹಾಲು ಕಡಿಮೆಯಾಗಿಲ್ಲ, ಅಳತೆ ತಪ್ಪಿಲ್ಲ. ತಪ್ಪಿದ್ದು ಬರವಣಿಗೆ ಮಾತ್ರ. ಯಂತ್ರವೇ ಚೀಟಿ ಕೊಡುವ ಕಡೆಯಲ್ಲಿಯೂ ಚೀಟಿಯನ್ನು ಓದಿ ನೋಡುವ ಕೆಲಸ ತಪ್ಪಿಲ್ಲ.

ಕಂಪ್ಯೂಟರ್ ಪ್ರೋಗ್ರಾಂ ತಯಾರಿಸುವ ಕಚೇರಿಗಳಲ್ಲಿಯೂ ಇಂತಹವೇ ಎರಡು ಪುಸ್ತಕಗಳಿವೆ. ಒಂದು, ಪ್ರೋಗ್ರಾಮಿನ ಬರಹವನ್ನು ಕಾದಿಡುವ ಭಂಡಾರ. ಯಾರು, ಯಾವಾಗ, ಯಾವ ಸಾಲನ್ನು ತಿದ್ದಿದರು ಎಂಬುದನ್ನು ಅದು ನೆನಪಿಡುತ್ತದೆ. ಲೀನಸ್ ಟೊರ್ವಾಲ್ಡ್ಸ್ ಅವರು ೨೦೦೫ರಲ್ಲಿ ರಚಿಸಿದ ‘ಗಿಟ್’ ಈ ನೆನಪಿಡುವ ಕೆಲಸಕ್ಕೆ ಆಧಾರ. ೨೦೦೮ರಲ್ಲಿ ಆರಂಭವಾದ ‘ಗಿಟ್‌ಹಬ್’ ಅದರ ಮೇಲೆ ನಿಂತ ದೊಡ್ಡ ಭಂಡಾರ. ಇನ್ನೊಂದು, ಕೆಲಸದ ಪಟ್ಟಿ. ಯಾವ ಕೆಲಸ ಯಾರ ಪಾಲಿಗೆ, ಯಾವುದು ಬಾಕಿ, ಯಾವುದು ಮುಗಿಯಿತು ಎಂಬುದೆಲ್ಲ ಅಲ್ಲಿ ಇರುತ್ತದೆ. ೨೦೦೨ರಲ್ಲಿ ಬಂದ ‘ಜಿರಾ’, ೨೦೧೧ರಲ್ಲಿ ಬಂದ ‘ಟ್ರೆಲ್ಲೊ’ ಈ ಬಗೆಯವು.

ಈಗ ಹಾಲಿನ ಲೆಕ್ಕವನ್ನೇ ನೆನೆಯಿರಿ. ಪ್ರೋಗ್ರಾಂ ಬರೆಯುವವನು ತಪ್ಪನ್ನು ತಿದ್ದಿ ಭಂಡಾರಕ್ಕೆ ಸೇರಿಸುತ್ತಾನೆ. ಪಟ್ಟಿಯಲ್ಲಿ ‘ಮುಗಿಯಿತು’ ಎಂದು ಬರೆಯಲು ಮರೆಯುತ್ತಾನೆ. ಮೇಲ್ವಿಚಾರಕನು ಪಟ್ಟಿ ನೋಡಿ, ಮುಗಿದ ಕೆಲಸವನ್ನು ಇನ್ನೊಬ್ಬನಿಗೆ ಒಪ್ಪಿಸುತ್ತಾನೆ. ಇಬ್ಬರ ಶ್ರಮವೂ ವ್ಯರ್ಥ. ಆದುದರಿಂದ ಒಂದು ಪುಸ್ತಕದಲ್ಲಿ ಬರೆದದ್ದು ಇನ್ನೊಂದರಲ್ಲಿ ತಾನಾಗಿಯೇ ಮೂಡುವಂತೆ ಮಾಡಬೇಕೆಂಬ ಆಸೆ ಹುಟ್ಟಿತು.

ಈ ಆಸೆಯನ್ನು ಪೂರೈಸಬೇಕಾದರೆ ಮೊದಲು ಅದಕ್ಕಾಗಿಯೇ ಬೇರೊಂದು ಪ್ರೋಗ್ರಾಂ ಬರೆಯಬೇಕಿತ್ತು. ಇಂದು ಹಾಗಿಲ್ಲ. ೨೦೧೧ರಲ್ಲಿ ಅಮೆರಿಕದಲ್ಲಿ ‘ಝೇಪಿಯರ್’, ೨೦೧೩ರಲ್ಲಿ ಐ.ಬಿ.ಎಂ. ಸಂಸ್ಥೆಯಲ್ಲಿ ‘ನೋಡ್-ರೆಡ್’, ೨೦೧೯ರಲ್ಲಿ ಜರ್ಮನಿಯಲ್ಲಿ ‘ಎನ್‌ಎಯ್ಟ್‌ಎನ್’ ಹುಟ್ಟಿಕೊಂಡವು. ಇವುಗಳಲ್ಲಿ ತೆರೆಯ ಮೇಲೆ ಚೌಕಗಳನ್ನಿಟ್ಟು ಗೆರೆ ಎಳೆದು ಜೋಡಿಸಿದರೆ ಕೆಲಸ ನಡೆಯುತ್ತದೆ. ಪ್ರೋಗ್ರಾಂ ಬರೆಯಬೇಕಾದದ್ದು ಅತ್ಯಲ್ಪ. ಇದಕ್ಕೆ ‘ಲೋ-ಕೋಡ್’ ಎಂದು ಹೆಸರು. ‘ಭಂಡಾರಕ್ಕೆ ತಿದ್ದುಪಡಿ ಸೇರಿದಾಗ’ ಎಂಬುದು ಒಂದು ಚೌಕ. ‘ಪಟ್ಟಿಯ ಚೀಟಿಯನ್ನು ಮುಂದಕ್ಕೆ ಸರಿಸು’ ಎಂಬುದು ಇನ್ನೊಂದು. ಭಂಡಾರದಿಂದ ಸುದ್ದಿ ಬರುವ ದಾರಿಗೆ ‘ವೆಬ್‌ಹುಕ್’ ಎನ್ನುತ್ತಾರೆ. ಮದುವೆ ಯಾವಾಗ ಎಂದು ನಾವು ನೆಂಟರ ಮನೆಗೆ ದಿನವೂ ಹೋಗಿ ಕೇಳುವುದಿಲ್ಲ. ಅವರೇ ಹೇಳಿಕೆ ಕಳುಹಿಸುತ್ತಾರೆ. ವೆಬ್‌ಹುಕ್ ಎಂದರೆ ಅಂತಹ ಹೇಳಿಕೆಯೇ.

ಕನ್ನಡ ಮಾಧ್ಯಮದ ಶಾಲೆಯ ಸಂಚಿಕೆಯಲ್ಲಿ ಇದನ್ನೇಕೆ ಬರೆಯಬೇಕು ಎಂದು ಹೆತ್ತವರು ಕೇಳಬಹುದು. ಬರೆಯಲೇಬೇಕಾದ ಕಾರಣವಿದೆ. ಕಂಪ್ಯೂಟರಿನ ಕೆಲಸ ಇಂಗ್ಲಿಷ್ ಮಾಧ್ಯಮದವರಿಗೆ ಮೀಸಲು ಎಂಬ ಅಂಜಿಕೆ ಗಡಿನಾಡಿನ ಅನೇಕ ಮನೆಗಳಲ್ಲಿ ಇದೆ. ಅದೇ ಅಂಜಿಕೆಯಿಂದ ಮಕ್ಕಳನ್ನು ನಮ್ಮ ಶಾಲೆಗಳಿಂದ ಬಿಡಿಸುವುದೂ ಇದೆ. ಆದರೆ ಮೇಲೆ ಹೇಳಿದ ಜೋಡಣೆಯ ಜೀವಾಳ ಯಾವುದು? ‘ಹೀಗಾದಾಗ ಹೀಗೆ ಮಾಡು, ಹಾಗಾಗದಿದ್ದರೆ ಹಾಗೆ ಮಾಡು’ ಎಂಬ ವಾಕ್ಯ. ಇದು ಅಚ್ಚ ಕನ್ನಡದ ವಾಕ್ಯ. ಸಂದಿಗ್ಧವಿಲ್ಲದಂತೆ ಈ ವಾಕ್ಯವನ್ನು ಕಟ್ಟಬಲ್ಲ ಹುಡುಗಿ ಚೌಕಗಳನ್ನೂ ಜೋಡಿಸಬಲ್ಲಳು. ಕೇರಳದ ಶಾಲೆಗಳಲ್ಲಿ ೨೦೧೮ರಲ್ಲಿ ಆರಂಭವಾದ ‘ಲಿಟ್ಲ್ ಕೈಟ್ಸ್’ ಕೂಟಗಳಲ್ಲಿ ‘ಸ್ಕ್ರ್ಯಾಚ್’ನ ಬಣ್ಣದ ತುಂಡುಗಳನ್ನು ಜೋಡಿಸಿದ ಮಕ್ಕಳಿಗೆ ಇದು ಹೊಸದೆನಿಸದು. ತೆರೆಯ ಮೇಲಿನ ಹೆಸರುಗಳು ಇಂಗ್ಲಿಷಿನಲ್ಲಿವೆ, ಆ ಭಾಷೆಯನ್ನು ಕಲಿಯಲೇಬೇಕು ಎಂಬುದನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಆಲೋಚನೆ ತಿಳಿಯಾಗಬೇಕಾದದ್ದು ಮೊದಲು, ತನ್ನ ಭಾಷೆಯಲ್ಲಿ.

ಹಾಗೆಂದು ಈ ಜೋಡಣೆಗಳನ್ನು ನಾವು ಕಣ್ಣು ಮುಚ್ಚಿ ಹೊಗಳುವವರಲ್ಲ. ‘ಎಲ್ಲವೂ ತಾನಾಗಿಯೇ ನಡೆಯುತ್ತದೆ’ ಎಂಬ ಮಾತಿನಲ್ಲಿ ಅಪಾಯವಿದೆ.

ಮೊದಲನೆಯದಾಗಿ, ಹೇಳಿಕೆ ತಲುಪದೆ ಹೋಗಬಹುದು. ಗಿಟ್‌ಹಬ್ ಸುದ್ದಿ ಕಳುಹಿಸಿ ೧೦ ಸೆಕೆಂಡುಗಳ ತನಕ ಉತ್ತರಕ್ಕೆ ಕಾಯುತ್ತದೆ. ಅಷ್ಟರಲ್ಲಿ ಉತ್ತರ ಬಾರದಿದ್ದರೆ ಆ ಪ್ರಯತ್ನ ವಿಫಲವೆಂದು ಬರೆದುಕೊಳ್ಳುತ್ತದೆ. ತಾನಾಗಿ ಮತ್ತೊಮ್ಮೆ ಕಳುಹಿಸುವುದಿಲ್ಲ. ಯಾರೂ ವಿಚಾರಿಸದಿದ್ದರೆ ಎರಡು ಪುಸ್ತಕಗಳ ಲೆಕ್ಕ ಮತ್ತೆ ಬೇರೆಯಾಗುತ್ತದೆ. ಮೊದಲಾದರೆ ಮರೆತವನು ಯಾರೆಂದು ತಿಳಿಯುತ್ತಿತ್ತು. ಈಗ ಅದೂ ತಿಳಿಯದು.

ಎರಡನೆಯದಾಗಿ, ಸುದ್ದಿ ಸುತ್ತು ಹಾಕಬಹುದು. ಭಂಡಾರ ಬದಲಾದರೆ ಪಟ್ಟಿಯನ್ನು ಬದಲಿಸು, ಪಟ್ಟಿ ಬದಲಾದರೆ ಭಂಡಾರದಲ್ಲಿ ಬರೆ ಎಂದು ಎರಡೂ ಕಡೆ ನಿಯಮವಿಟ್ಟರೆ, ಒಂದರ ಮಾತಿಗೆ ಇನ್ನೊಂದು ಉತ್ತರಿಸುತ್ತಾ ಕೊನೆಯೇ ಇಲ್ಲದಂತಾಗುತ್ತದೆ. ಆದುದರಿಂದ ಯಂತ್ರ ಬರೆದದ್ದಕ್ಕೆ ಯಂತ್ರ ಉತ್ತರಿಸಬಾರದೆಂಬ ತಡೆಯನ್ನು ಜೋಡಿಸುವವನೇ ಮೊದಲು ಯೋಚಿಸಿ ಇಡಬೇಕು.

ಮೂರನೆಯದಾಗಿ, ಬೀಗದ ಕೈಯ ವಿಚಾರ. ನಡುವಿನ ಓಲೆಕಾರ ಎರಡೂ ಮನೆಯೊಳಗೆ ಹೋಗಬೇಕಾದರೆ ಎರಡರ ಕೀಲಿಕೈಯೂ ಅವನ ಬಳಿ ಇರಬೇಕು. ‘ಟೋಕನ್’ ಎಂಬ ಗುಟ್ಟಿನ ಅಕ್ಷರಮಾಲೆಯೇ ಆ ಕೈ. ಇಡೀ ಮನೆಯ ಕೈಯನ್ನು ಕೊಡದೆ, ಬೇಕಾದ ಒಂದು ಕೋಣೆಯದನ್ನು ಮಾತ್ರ ಕೊಡುವುದು ವಿವೇಕ. ಬಂದ ಓಲೆ ನಿಜವಾಗಿಯೂ ಅದೇ ಮನೆಯಿಂದ ಬಂದದ್ದೇ ಎಂದು ಸಹಿಯನ್ನು ಹೋಲಿಸಿ ನೋಡುವ ಕ್ರಮವೂ ಇದೆ, ಅದನ್ನು ಬಿಡಬಾರದು.

ಎಲ್ಲಕ್ಕಿಂತ ದೊಡ್ಡದು ನಾಲ್ಕನೆಯದು. ಗಿಟ್‌ಹಬ್‌ನಲ್ಲಿ ತಿದ್ದುಪಡಿಯ ವಿವರಣೆಯೊಳಗೆ ‘ಫಿಕ್ಸಸ್’ ಎಂಬ ಪದವನ್ನೂ ದೂರಿನ ಸಂಖ್ಯೆಯನ್ನೂ ಬರೆದರೆ, ಆ ತಿದ್ದುಪಡಿ ಮುಖ್ಯ ಪ್ರತಿಗೆ ಸೇರಿದೊಡನೆ ದೂರು ಮುಚ್ಚಿಹೋಗುತ್ತದೆ. ಅನುಕೂಲವೇನೋ ಹೌದು. ಆದರೆ ದೂರು ಕೊಟ್ಟವನ ಕಷ್ಟ ನಿವಾರಣೆಯಾಯಿತೇ? ಅದನ್ನು ಯಂತ್ರ ಅರಿಯದು. ತಿದ್ದುಪಡಿ ಸೇರಿತು ಎಂಬುದು ಒಂದು ಸಂಗತಿ. ಕೆಲಸ ಮುಗಿಯಿತು ಎಂಬುದು ಒಂದು ತೀರ್ಮಾನ. ಸಂಗತಿಯನ್ನು ಯಂತ್ರ ಹೊತ್ತು ತರಲಿ, ತೀರ್ಮಾನವನ್ನು ಮನುಷ್ಯನೇ ಮಾಡಲಿ ಎಂಬುದು ನಮ್ಮ ಸ್ಪಷ್ಟ ಅಭಿಪ್ರಾಯ. ಆದುದರಿಂದ ಚೀಟಿಯನ್ನು ‘ಮುಗಿಯಿತು’ ಎಂಬ ಸಾಲಿಗೆ ನೇರವಾಗಿ ಸರಿಸದೆ, ‘ಪರೀಕ್ಷಿಸಬೇಕು’ ಎಂಬ ಸಾಲಿಗೆ ಸರಿಸುವಂತೆ ಜೋಡಿಸುವುದು ಲೇಸು. ಓಲೆಕಾರನಿಗೆ ಓಲೆ ಒಯ್ಯುವ ಕೆಲಸ ಸಾಕು; ನ್ಯಾಯ ಹೇಳುವ ಕೆಲಸ ಬೇಡ.

ಚೌಕ ಜೋಡಿಸಿದರೆ ಸಾಕಾದ ಮೇಲೆ ಪ್ರೋಗ್ರಾಂ ಕಲಿಯುವುದೇಕೆ ಎಂದು ಕೆಲವರು ಕೇಳುತ್ತಾರೆ. ಕ್ಯಾಲ್ಕುಲೇಟರ್ ಬಂದ ಮೇಲೂ ನಾವು ಮಗ್ಗಿ ಹೇಳಿಸುವುದನ್ನು ಬಿಟ್ಟಿಲ್ಲ. ಉತ್ತರ ತಪ್ಪಿದಾಗ ತಪ್ಪಿದೆಯೆಂದು ಹೊಳೆಯಬೇಕಾದರೆ ಒಳಗಿನ ಕ್ರಮ ಗೊತ್ತಿರಬೇಕು. ಜೋಡಣೆ ನಿಂತುಹೋದ ದಿನ, ಅದನ್ನು ಜೋಡಿಸಿದವನು ಕೆಲಸ ಬಿಟ್ಟು ಹೋಗಿದ್ದರೆ, ಗೆರೆಗಳನ್ನು ನೋಡುತ್ತಾ ಕುಳಿತುಕೊಳ್ಳುವುದರಿಂದ ಪ್ರಯೋಜನವಿಲ್ಲ. ಯಾವ ಗೆರೆ ಏಕೆ ಇದೆ ಎಂದು ಬರೆದಿಡುವ ಅಭ್ಯಾಸವೂ ಜೋಡಿಸುವ ಕೌಶಲದಷ್ಟೇ ಮುಖ್ಯ.

ವಿದ್ಯಾರ್ಥಿ ಮಿತ್ರರೇ, ಇದನ್ನು ಕಲಿಯಲು ದೊಡ್ಡ ಕಚೇರಿಯನ್ನು ಸೇರುವ ತನಕ ಕಾಯಬೇಕಾಗಿಲ್ಲ. ಶಾಲೆಯ ವಾಚನಾಲಯದಿಂದಲೇ ತೊಡಗಿರಿ. ಪುಸ್ತಕ ಹೊರಗೆ ಹೋದಾಗ ಯಾವ ಯಾವ ಕಡೆ ಬರೆಯಬೇಕು, ಹಿಂದೆ ಬಾರದಿದ್ದರೆ ಯಾರಿಗೆ ತಿಳಿಸಬೇಕು, ಹಾಳೆ ಹರಿದು ಬಂದರೆ ಯಾರು ನಿರ್ಧರಿಸಬೇಕು ಎಂಬುದನ್ನು ಕನ್ನಡದಲ್ಲಿ ಹತ್ತು ವಾಕ್ಯಗಳಲ್ಲಿ ಬರೆಯಿರಿ. ಆ ಮೇಲೆ ಚೌಕಗಳನ್ನು ಎಳೆಯಿರಿ. ನೋಡ್-ರೆಡ್ ಹಣ ಕೊಡದೆ ಬಳಸಬಹುದಾದ ಮುಕ್ತ ತಂತ್ರಾಂಶ. ಸಾಧಾರಣ ಕಂಪ್ಯೂಟರಿನಲ್ಲಿಯೂ ನಡೆಯುತ್ತದೆ. ಅಧ್ಯಾಪಕರ ನೆರವಿನಿಂದ ಪ್ರಯತ್ನಿಸಿ ನೋಡಬಹುದು.

ಹೆತ್ತವರಲ್ಲಿಯೂ ಒಂದು ಬಿನ್ನಹ. ಮಗು ಕಂಪ್ಯೂಟರಿನಲ್ಲಿ ಏನು ಕಲಿತಿತು ಎಂದು ಕೇಳುವಾಗ ಪಾಠದ ಹೆಸರನ್ನು ಮಾತ್ರ ಕೇಳಬೇಡಿ. ‘ಅದು ಹೇಗೆ ನಡೆಯುತ್ತದೆ, ತಪ್ಪಿದರೆ ನೀನೇನು ಮಾಡುವೆ? ನನಗೆ ತಿಳಿಯುವಂತೆ ಹೇಳು’ ಎಂದು ಕೇಳಿರಿ. ಮನೆಮಾತಿನಲ್ಲಿ ಅದನ್ನು ವಿವರಿಸಬಲ್ಲ ಮಗು ನಿಜವಾಗಿಯೂ ಕಲಿತಿದೆ ಎಂದು ತಿಳಿಯಿರಿ. ಎರಡು ಪುಸ್ತಕಗಳ ಲೆಕ್ಕ ಒಂದಾಗುವಂತೆ ಯಂತ್ರ ಬರೆಯಲಿ. ಆ ಲೆಕ್ಕ ಸರಿಯೇ ಎಂದು ಓದಿ ನೋಡುವ ಕಣ್ಣು ನಮ್ಮ ಮಕ್ಕಳದಾಗಿರಲಿ.